ಕರಿಯಣ್ಣ ಕೂತಾಗ ಹತ್ತುತ್ತಿದ್ದ ದೀಪ

ಗ್ಯಾರೇಜ್ ಕೆಲಸಕ್ಕೆ ಹೊಸದಾಗಿ ಇಳಿದವರು ಈಗಲೂ ಒಬ್ಬೊಬ್ಬರಾಗಿ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಮಧುಗಿರಿಯ ನನ್ನ ಶೆಡ್ಡಿಗೆ ಬೀಗ ಹಾಕಿ ವರ್ಷವಾಯಿತು. ಗ್ರೀಸಿನ ಕಪ್ಪು ಮಾತ್ರ ಉಗುರಿನ ಸಂದಿಯಿಂದ ಇನ್ನೂ ಪೂರ್ತಿ ಹೋಗಿಲ್ಲ. ಬಂದವರು ಕೇಳುವ ಮೊದಲ ಪ್ರಶ್ನೆ, ಗಾಡಿಯ ದೋಷ ತೋರಿಸುವ ಸ್ಕ್ಯಾನರ್ ಯಾವುದು ತೆಗೆದುಕೊಳ್ಳಬೇಕು ಎಂದು. ಅದರ ಬಗ್ಗೆ ನನಗಿಂತ ಅವರ ಫೋನಿಗೇ ಹೆಚ್ಚು ಗೊತ್ತು. ನಾನು ಆ ಮಾತು ಪಕ್ಕಕ್ಕಿಟ್ಟು ಲಕ್ಕಮ್ಮನ ಕಾರಿನ ವಿಷಯ ಎತ್ತುತ್ತೇನೆ. ಕೆಲವರು ಪೂರ್ತಿ ಕೇಳುತ್ತಾರೆ, ಕೆಲವರು ಕಾಫಿ ಕುಡಿದು ಎದ್ದುಬಿಡುತ್ತಾರೆ. ಎದ್ದು ಹೋದವರಿಗೂ ಎಂದಾದರೂ ಬೇಕಾದೀತು ಎಂದು ಬರೆದಿಡುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಶಿರಾದಲ್ಲಿ, ಬಾಷಾ ಉಸ್ತಾದರ ಹತ್ತಿರ. ಅದು ಕಾರ್ಬುರೇಟರ್ ಕಾಲ. ಉಸ್ತಾದರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದರು. ಕಣ್ಣು ಬಿಡುವ ಹೊತ್ತಿಗೆ ಯಾವ ಬೇರಿಂಗ್ ಸವೆದಿದೆ ಎಂಬುದು ಅವರಿಗೆ ತಿಳಿದಿರುತ್ತಿತ್ತು. ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡಿದರೆ ಗಾಡಿ ಎಷ್ಟು ಪೆಟ್ರೋಲ್ ಕುಡಿಯುತ್ತಿದೆ ಎಂದು ಹೇಳುತ್ತಿದ್ದರು. ಇದನ್ನೆಲ್ಲ ನಾನು ಬೇಗ ಕಲಿತೆ. ಅವರ ಇನ್ನೊಂದು ಅಭ್ಯಾಸ ಮಾತ್ರ ನನಗೆ ಹಿಡಿಸುತ್ತಿರಲಿಲ್ಲ. ಗಾಡಿ ಬಂದ ಕೂಡಲೇ ಬಾನೆಟ್ ಎತ್ತಲು ಬಿಡುತ್ತಿರಲಿಲ್ಲ. ಗಾಡಿಯವರ ಪಕ್ಕ ಕೂತು ಊರಾಚೆಯವರೆಗೆ ಒಂದು ಸುತ್ತು ಹೋಗಿಬರುತ್ತಿದ್ದರು. ದಾರಿಯಲ್ಲಿ ಗಾಡಿಯ ರಿಪೇರಿಯ ಮಾತೇ ಇಲ್ಲ. ಮಳೆ, ಬೆಳೆ, ಮಗಳ ಮದುವೆ, ಇಂಥವೇ. ಇಲ್ಲಿ ಕೆಲಸ ರಾಶಿ ಬಿದ್ದಿದೆ, ಇವರು ಗಾಳಿ ಸೇವನೆಗೆ ಹೋಗುತ್ತಾರಲ್ಲ ಎಂದು ನನಗೆ ಸಿಟ್ಟು. ಒಂದು ದಿನ ಕೇಳಿಯೇಬಿಟ್ಟೆ. ಉಸ್ತಾದರು ಬೀಡಿ ಆರಿಸಿ ಹೇಳಿದರು: "ನಿಂತಿರೋ ಗಾಡಿ ಏನು ಹೇಳ್ತದೆ ಬೇಟಾ? ಚಲಾಯ್ಸೋರನ್ನ ಮೊದ್ಲು ನೋಡು, ಆಮೇಲೆ ಸ್ಪ್ಯಾನರ್ ಹಿಡಿ."

ಮಧುಗಿರಿಗೆ ಬಂದು ಸ್ವಂತ ಶೆಡ್ ಹಾಕಿದೆ. ಕೆಲವು ವರ್ಷಗಳಲ್ಲಿ ಕಾರ್ಬುರೇಟರ್ ಹೋಯಿತು. ಇಂಜಿನ್ನನ್ನು ಆಳುವುದಕ್ಕೆ ಒಂದು ಕಂಪ್ಯೂಟರ್ ಪೆಟ್ಟಿಗೆ ಬಂತು, ಆ ಪೆಟ್ಟಿಗೆಗೆ ಸುದ್ದಿ ಮುಟ್ಟಿಸಲು ಅಲ್ಲಲ್ಲಿ ಸೆನ್ಸರುಗಳು ಬಂದವು, ಎಲ್ಲಾದರೂ ಎಡವಟ್ಟಾದರೆ ಹತ್ತಿಕೊಳ್ಳಲು ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಬಂತು. ಚೆಕ್ ಇಂಜಿನ್ ಲೈಟು. ಇಂಜಿನ್ ಆಕಾರದ ಆ ಗುರುತು ನಮ್ಮ ಕಡೆಯವರ ಕಣ್ಣಿಗೆ ತೋಟದ ಮೋಟರಿನ ಹಾಗೆ ಕಂಡಿತು. ಪಂಪ್‌ಸೆಟ್ ಲೈಟು ಎಂದೇ ಹೆಸರಿಟ್ಟರು. ಪುರವರದ ರೈತರೊಬ್ಬರು ಅದು ಹತ್ತಿದಾಗಲೆಲ್ಲ ನೀರು ಕೇಳುತ್ತಿದೆ ಎಂದುಕೊಂಡು ಗಾಡಿ ನಿಲ್ಲಿಸಿ ರೇಡಿಯೇಟರಿಗೆ ನೀರು ಸುರಿಯುತ್ತಿದ್ದರು. ಕೊರಟಗೆರೆಯವರೊಬ್ಬರು ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿಕೊಂಡು ನೆಮ್ಮದಿಯಾಗಿ ಓಡಾಡುತ್ತಿದ್ದರು. ಟೇಪ್ ಕಿತ್ತು ತೋರಿಸಿದಾಗ, ಅದು ಇನ್ನೂ ಉರಿಯುತ್ತಿದೆಯೇ ಎಂದು ಆಶ್ಚರ್ಯಪಟ್ಟರು.

ನಾನೂ ಒಂದು ಸ್ಕ್ಯಾನರ್ ತಂದೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕು, ಯಾವ ಸೆನ್ಸರಿನಲ್ಲಿ ತೊಂದರೆ ಎಂದು ಪರದೆಯ ಮೇಲೆ ಬರುತ್ತಿತ್ತು. ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಬೆಳೆದವನಿಗೆ ಇದು ದೊಡ್ಡ ಸುಖ. ಆ ಸುಖದಲ್ಲಿ ಬೇಗನೆ ಒಂದು ಪೆಟ್ಟು ತಿಂದೆ. ಬಡವನಹಳ್ಳಿಯ ಕಡಲೆಕಾಯಿ ವ್ಯಾಪಾರಿಯೊಬ್ಬರ ಕಾರಿನಲ್ಲಿ, ಒಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಕೆಟ್ಟಿದೆ ಎಂದು ಸ್ಕ್ಯಾನರ್ ತೋರಿಸಿತು. ತೆಗೆದು ಹೊಸದು ಹಾಕಿದೆ. ಮೂರು ದಿನ ಕಳೆದಿರಲಿಲ್ಲ, ದೀಪ ಹತ್ತಿಸಿಕೊಂಡು ಮತ್ತೆ ಬಂದರು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ಕಡಲೆಕಾಯಿ ಸಿಪ್ಪೆಯ ರಾಶಿ, ಅದರ ನಡುವೆ ಇಲಿಯ ಸಂಸಾರ. ಮೂಟೆ ಸಾಗಿಸಿದ ಕಾರನ್ನು ಅವರು ಮಂಡಿಯ ಗೋದಾಮಿನಲ್ಲೇ ನಿಲ್ಲಿಸುತ್ತಿದ್ದರು. ಗಾಳಿ ಒಳಗೆ ಬರಲು ದಾರಿಯೇ ಇರಲಿಲ್ಲ, ಪಾಪದ ಸೆನ್ಸರ್ ಇದ್ದದ್ದನ್ನು ಇದ್ದ ಹಾಗೆ ಹೇಳಿತ್ತು. ಅಂದಿನಿಂದ ಒಂದು ಮಾತು ನನಗೆ ಗಟ್ಟಿಯಾಯಿತು, ನಿಮಗೂ ಹೇಳುತ್ತೇನೆ: ದೂರು ಕೊಟ್ಟವರು ಯಾರು ಎಂದು ಸ್ಕ್ಯಾನರ್ ಹೇಳುತ್ತದೆ. ತಪ್ಪು ಯಾರದು ಎಂದು ನಾವೇ ಹುಡುಕಬೇಕು.

ಇಷ್ಟು ಗೊತ್ತಿದ್ದೂ ಲಕ್ಕಮ್ಮನ ಕಾರು ನನ್ನನ್ನು ತಿಂಗಳುಗಟ್ಟಲೆ ಅಲೆದಾಡಿಸಿತು.

ಲಕ್ಕಮ್ಮ ಗೌಡಗೆರೆ ಹೋಬಳಿಯ ಕುರಿಗಾಹಿ ಮನೆತನದವಳು. ನನ್ನನ್ನು ಅಣ್ಣ ಎನ್ನುತ್ತಿದ್ದಳು, ಆದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ, ಅವಳೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಗಂಡ ಕರಿಯಣ್ಣ ಚಿಕ್ಕಂದಿನಿಂದ ಕುರಿಯ ಹಿಂದೆ ನಡೆದವನು. ಮಂದೆ ಸಣ್ಣದಾಗುತ್ತಾ ಬಂದಾಗ ಲಕ್ಕಮ್ಮ ಕಂಬಳಿ ವ್ಯಾಪಾರ ಶುರು ಮಾಡಿದಳು. ಉಣ್ಣೆ ಕೊಂಡು, ನೇಯುವವರಿಗೆ ಕೊಟ್ಟು, ಕಂಬಳಿಗಳನ್ನು ಶಿರಾ, ಮಧುಗಿರಿ, ಪಾವಗಡದ ಅಂಗಡಿಗಳಿಗೆ ಹಾಕುತ್ತಿದ್ದಳು. ಗಂಟು ಹೊತ್ತು ಬಸ್ಸು ಹತ್ತಿದರೆ ದಿನವೂ ಕಂಡಕ್ಟರ್ ಜೊತೆ ಜಗಳ. ಅವಳ ತಮ್ಮ ಹೊಸ ಗಾಡಿ ಕೊಂಡಾಗ ಅವನ ಹಳೆಯ ಚಿಕ್ಕ ಕಾರು ಇವಳ ಪಾಲಿಗೆ ಬಂತು. ನೀರು ಬತ್ತಿದ ಕೆರೆಯಂಗಳದಲ್ಲಿ ತಾನೇ ಓಡಿಸಿ ಓಡಿಸಿ ಕಲಿತು, ಲೈಸೆನ್ಸ್ ಮಾಡಿಸಿಕೊಂಡಳು. ಅಡ್ಡಬರುವವರು ಯಾರೂ ಇಲ್ಲದ ಕೆರೆಯಂಗಳದಲ್ಲಿ ಕಲಿತ ಕಾರಣಕ್ಕೋ ಏನೋ, ರಸ್ತೆಯಲ್ಲೂ ಯಾರೂ ಇಲ್ಲವೆಂಬಂತೆ ಓಡಿಸುತ್ತಿದ್ದಳು.

ಪಕ್ಕದ ಸೀಟಿನಲ್ಲಿ ಸದಾ ಕರಿಯಣ್ಣ. ಅವನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಆದರೆ ಉಣ್ಣೆ ಅವನ ಕೈಗೆ ಗೊತ್ತಿತ್ತು. ಬೆರಳ ಸಂದಿಯಲ್ಲಿ ಒಮ್ಮೆ ಉಜ್ಜಿ ನೋಡಿ, ಬೇಕು ಬೇಡ ಎಂದು ತಲೆಯಾಡಿಸುತ್ತಿದ್ದ. ಹೆಂಡತಿ ಕಾರು ಓಡಿಸುತ್ತಾಳೆ ಎಂಬುದು ಅವನಿಗೆ ಬಹಳ ಹೆಮ್ಮೆ. ನನ್ನ ಶೆಡ್ಡಿಗೆ ಬಂದಾಗಲೂ ಅಲ್ಲಿದ್ದವರಿಗೆಲ್ಲ, ನಮ್ಮ ಹೋಬಳಿಯಲ್ಲಿ ಇವಳ ಹಾಗೆ ಗಾಡಿ ಓಡಿಸುವ ಗಂಡಸು ಇದ್ದರೆ ತೋರಿಸಿ ಎನ್ನುತ್ತಿದ್ದ.

ದೀಪ ಹತ್ತಿದೆ ಎಂದು ಮೊದಲು ಬಂದಾಗ ನಾನು ಸಲೀಸಾಗಿ ತೆಗೆದುಕೊಂಡೆ. ಹೊಗೆ ಪರೀಕ್ಷಿಸುವ ಸೆನ್ಸರ್ ಕೆಟ್ಟಿದೆ ಎಂದು ಸ್ಕ್ಯಾನರ್ ಹೇಳಿತು. ಹಳೆಯ ಕಾರು, ಕೆಟ್ಟಿರಬಹುದು ಎಂದು ಬದಲಾಯಿಸಿದೆ. ಸ್ವಲ್ಪ ದಿನಕ್ಕೆ ಮತ್ತೆ ಬಂದಳು. ಈಗ ಆಕ್ಸಿಲರೇಟರ್ ಕಡೆಯ ಸೆನ್ಸರಿನ ಹೆಸರು ಬಂತು. ಅದನ್ನು ಬಿಚ್ಚಿ ಶುಚಿ ಮಾಡಿ ಹಾಕಿದೆ. ಇನ್ನೊಂದು ಸಲ ಇಂಜಿನ್ ಬಿಸಿ ತಿಳಿಸುವ ಸೆನ್ಸರ್. ಹೀಗೆ ಸಲಕ್ಕೊಂದು ಹೆಸರು. ಇಷ್ಟೊಂದು ಸೆನ್ಸರುಗಳು ಸರದಿ ಹಾಕಿಕೊಂಡು ಕೆಡುವುದಿಲ್ಲ, ಇವೆಲ್ಲಕ್ಕೂ ಸೇರಿದ ಒಂದು ವೈರ್ ಎಲ್ಲೋ ಆಟ ಆಡುತ್ತಿದೆ ಎಂದು ಆಗ ಹೊಳೆಯಿತು. ಆದರೆ ಎಲ್ಲಿ? ಬ್ಯಾಟರಿಯ ಟರ್ಮಿನಲ್ ಉಜ್ಜಿದೆ, ಇಂಜಿನ್ ಸುತ್ತಲಿನ ವೈರುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದೆ. ಕಾರನ್ನು ನನ್ನ ಹತ್ತಿರವೇ ಇಟ್ಟುಕೊಂಡು ಕೊರಟಗೆರೆಗೆ ಹೋಗಿಬಂದೆ, ಬಡವನಹಳ್ಳಿಗೆ ಹೋಗಿಬಂದೆ. ನನ್ನ ಕೈಯಲ್ಲಿ ದೀಪ ಒಂದು ಸಲವಾದರೂ ಹತ್ತಲಿಲ್ಲ. ಅವಳಿಗೆ ಒಪ್ಪಿಸಿದ ವಾರದೊಳಗೆ ಹತ್ತುತ್ತಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಪಾವಗಡದಿಂದ ಉಣ್ಣೆ ತುಂಬಿಕೊಂಡು ಬರುವಾಗ, ಮಿಡಿಗೇಶಿಯ ಏರಿನಲ್ಲಿ ಇಂಜಿನ್ ಎಳೆಯುವುದನ್ನೇ ಬಿಟ್ಟಿತು. ಹಿಂದೆ ಜಲ್ಲಿ ಲಾರಿ. ಲಾರಿಯವನು ಸಮಯಕ್ಕೆ ಬಲಕ್ಕೆ ಎಳೆದುಕೊಂಡದ್ದರಿಂದ ಇಬ್ಬರೂ ಉಳಿದರು. ಸ್ವಲ್ಪ ಹೊತ್ತಾದ ಮೇಲೆ ಕಾರು ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು, ಇಬ್ಬರೂ ನೇರ ನನ್ನ ಶೆಡ್ಡಿಗೆ ಬಂದರು. ಲಕ್ಕಮ್ಮ ಸ್ಟೂಲಿನ ಮೇಲೆ ಕೂತು, ಲಾರಿ ಎಷ್ಟು ಹತ್ತಿರ ಬಂದಿತ್ತೆಂದು ಹೇಳಿದಳು. ನನಗೆ ನಾಚಿಕೆ, ಭಯ ಎರಡೂ ಆಯಿತು. ಇದನ್ನು ಮಾರಿಬಿಡಮ್ಮ, ನನ್ನ ಕೈಲಿ ಆಗುತ್ತಿಲ್ಲ ಎಂದೆ. ಅಷ್ಟು ವರ್ಷಗಳಲ್ಲಿ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಈ ವಿದ್ಯೆ ನನ್ನನ್ನು ದಾಟಿ ಮುಂದೆ ಹೋಗಿದೆ, ನಾನಿನ್ನು ಎದ್ದು ದಾರಿ ಬಿಡುವುದು ಒಳ್ಳೆಯದು ಎಂದು ಅವತ್ತು ನಿಜವಾಗಿ ಅನ್ನಿಸಿತು.

ಲಕ್ಕಮ್ಮ ಕಾರಿನ ಕೀ ತೆಗೆದುಕೊಂಡು ಎದ್ದಳು. ಹೊರಡುವಾಗ ವಾತಾವರಣ ತಿಳಿಯಾಗಲಿ ಎಂದೋ ಏನೋ, "ಇವ್ರು ಕೂತ್ರೇ ಹತ್ತೋದು ಕಣಣ್ಣ ಈ ಲೈಟು. ನಾನೊಬ್ಳೇ ಹೋದ್ರೆ ಏನೂ ಇಲ್ಲ. ಕಾರಿಗೆ ಇವ್ರನ್ನ ಕಂಡ್ರೆ ಆಗಕಿಲ್ಲ" ಎಂದು ನಕ್ಕಳು. ನಾನೂ ನಕ್ಕೆ. ಕರಿಯಣ್ಣ ನಗಲಿಲ್ಲ.

ಮುಂದಿನ ವಾರದಿಂದ ಅವನು ಬಸ್ಸಿನಲ್ಲಿ ಓಡಾಡತೊಡಗಿದ. ಲಕ್ಕಮ್ಮ ಕಾರಿನಲ್ಲಿ, ಅವನು ಬಸ್ಸಿನಲ್ಲಿ, ಸಂತೆಯಲ್ಲಿ ಭೇಟಿ. ಕೆಲವು ದಿನ ಬಸ್ಸು ಸಿಗದೆ ಬರುತ್ತಲೇ ಇರಲಿಲ್ಲ. ಅಂಥ ಒಂದು ದಿನ ಅವಳೊಬ್ಬಳೇ ಪಾವಗಡದಲ್ಲಿ ಉಣ್ಣೆ ಕೊಂಡಳು. ಮನೆಗೆ ತಂದು ಬಿಚ್ಚಿದರೆ ತೂಕಕ್ಕೆಂದು ಮರಳು ಬೆರೆಸಿದ ಉಣ್ಣೆ. ಕರಿಯಣ್ಣ ನೋಡಿ ಎದ್ದು ಹೊರಗೆ ಹೋದನಂತೆ.

ಅದಾದ ಮೇಲೆ ಅವಳು ನನ್ನ ಹತ್ತಿರ ಬಂದಳು. ದೀಪ ಹತ್ತಿರಲಿಲ್ಲ. ಗಂಡ ಕೂರದೆ ಇದ್ದಷ್ಟು ದಿನವೂ ಹತ್ತಿರಲಿಲ್ಲ. ಅವಳ ಮುಖ ಸಣ್ಣಗಾಗಿತ್ತು.

"ತಮಾಸೆಗೆ ಅಂದ್ಬುಟ್ಟೆ ಕಣಣ್ಣ. ಅವ್ರು ಮನಸಿಗೆ ತಗಂಬುಟ್ಟವ್ರೆ. ನಾನು ಕೂತ್ರೆ ನಿಂಗೆ ಅಪಾಯ, ನೀನೇ ಓಗು ಅಂತಾರೆ. ಲೈಟು ಉರ್ಕಂಡ್ ಹಾಳಾಗ್ಲಿ, ಅವ್ರು ಕಾರು ಹತ್ತೋ ಹಂಗೆ ಮಾಡ್ಕೊಡು."

ನಾನು ಮಾರು ಎಂದಿದ್ದ ಕಾರನ್ನು ಮತ್ತೆ ಒಳಗೆ ತೆಗೆದುಕೊಂಡೆ. ಅವಳ ತಮಾಷೆಯ ಮಾತು ನಿಜವೇ ಆಗಿದ್ದರೆ ಎಂದು ಮೊದಲ ಸಲ ಯೋಚಿಸಿದೆ. ಇಂಥ ಚಿಕ್ಕ ಕಾರುಗಳಲ್ಲಿ ಕಂಪ್ಯೂಟರ್ ಪೆಟ್ಟಿಗೆ ಎಡಗಡೆಯ ಡ್ಯಾಶ್‌ಬೋರ್ಡಿನ ಹಿಂದೆ ಇರುತ್ತದೆ, ಅಂದರೆ ಕರಿಯಣ್ಣನ ಮೊಣಕಾಲಿನ ಮುಂದೆ. ಅವನ ತೂಕಕ್ಕೆ ಏನಾದರೂ ಕುಗ್ಗುತ್ತಿದೆಯೇ ಎಂದು ಎಡ ಸೀಟಿನ ಮೇಲೆ ಮರಳಿನ ಮೂಟೆ ಇಟ್ಟು ಹಳ್ಳ ದಿಣ್ಣೆಯಲ್ಲೆಲ್ಲ ಓಡಿಸಿದೆ. ದೀಪ ಹತ್ತಲಿಲ್ಲ. ಮರಳಿನ ಮೂಟೆಗೂ ಕರಿಯಣ್ಣನಿಗೂ ಏನು ವ್ಯತ್ಯಾಸ ಎಂದು ಕೂತು ಯೋಚಿಸುತ್ತಿದ್ದಾಗ ಶಿರಾದ ಉಸ್ತಾದರು ನೆನಪಾದರು. ಇಷ್ಟು ದಿನವೂ ನಾನು ಕಾರನ್ನು ಒಬ್ಬನೇ ಓಡಿಸಿ ನೋಡಿದ್ದೆ. ಇವರಿಬ್ಬರ ಜೊತೆ ಒಂದು ಸಲವೂ ಕೂತಿರಲಿಲ್ಲ.

ಕರಿಯಣ್ಣನನ್ನು ಒಪ್ಪಿಸುವುದು ಕಷ್ಟವಾಯಿತು. ನೀನಿಲ್ಲದೆ ರೋಗ ಸಿಗುವುದಿಲ್ಲ, ಒಂದೇ ಒಂದು ಸಲ ಬಾ ಎಂದು ಗೋಗರೆದ ಮೇಲೆ ಬಂದು ಕೂತ. ನಾನು ಹಿಂದಿನ ಸೀಟಿನಲ್ಲಿ, ಲಕ್ಕಮ್ಮನ ಬೆನ್ನ ಹಿಂದೆ, ಕಂಬಳಿ ಗಂಟುಗಳ ನಡುವೆ ಜಾಗ ಮಾಡಿಕೊಂಡೆ. ಅಲ್ಲಿಂದ ಸ್ವಲ್ಪ ವಾಲಿದರೆ ಮೀಟರ್ ಬೋರ್ಡೂ ಕಾಣುತ್ತಿತ್ತು, ಕರಿಯಣ್ಣನ ಕಾಲೂ ಕಾಣುತ್ತಿತ್ತು. ಪಾವಗಡದ ರಸ್ತೆ ಹಿಡಿದೆವು.

ಊರು ದಾಟುವವರೆಗೆ ಏನೂ ಇಲ್ಲ. ಅವನು ಕಿಟಕಿಯಾಚೆ ಹೊಲ ನೋಡುತ್ತಾ ಆರಾಮಾಗಿದ್ದ. ರಸ್ತೆ ಖಾಲಿಯಾಗುತ್ತಲೇ ಲಕ್ಕಮ್ಮ ಆಕ್ಸಿಲರೇಟರ್ ಮೇಲೆ ಕಾಲು ಬಿಗಿ ಮಾಡಿದಳು. ಮುಂದೊಂದು ಬಸ್ಸು. ಅದನ್ನು ಹಿಂದೆ ಹಾಕಲು ಬಲಕ್ಕೆ ತೆಗೆದಳು, ಎದುರಿಗೆ ಟ್ರ್ಯಾಕ್ಟರ್ ಕಾಣಿಸಿತು. ಅದೇ ಗಳಿಗೆಯಲ್ಲಿ ಕರಿಯಣ್ಣನ ಬಲಗಾಲು ಮುಂದೆ ಹೋಗಿ, ಚಪ್ಪಲಿಯ ಸಮೇತ ನೆಲದ ಕಾರ್ಪೆಟ್ಟನ್ನು ಬಲವಾಗಿ ಒತ್ತಿ ಹಿಡಿಯಿತು. ಅವನ ಬೆನ್ನು ಸೀಟಿಗೆ ಅಂಟಿಕೊಂಡಿತ್ತು. ಮೈಯ ಭಾರವೆಲ್ಲ ಆ ಒಂದು ಹಿಮ್ಮಡಿಯ ಮೇಲೆ. ಅವನು ಬ್ರೇಕ್ ಹಾಕುತ್ತಿದ್ದ. ಅಲ್ಲಿ ಬ್ರೇಕ್ ಇರಲಿಲ್ಲ ಅಷ್ಟೆ.

ಬಸ್ಸು ಹಿಂದಾಯಿತು, ಟ್ರ್ಯಾಕ್ಟರ್ ಪಕ್ಕದಲ್ಲಿ ಸರಿದುಹೋಯಿತು, ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು.

"ನೋಡಣ್ಣ, ಹತ್ತುತು" ಎಂದಳು ಲಕ್ಕಮ್ಮ.

ಕರಿಯಣ್ಣ ತಿರುಗಿ ನನ್ನ ಮುಖ ನೋಡಿದ. ನಾನು ಅವನ ಕಾಲು ನೋಡುತ್ತಿದ್ದುದು ಅವನಿಗೆ ಕಂಡುಬಿಟ್ಟಿತು. ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

ಮುಂದೆ ಒಂದು ಹುಣಸೆಮರದ ಕೆಳಗೆ ನಿಲ್ಲಿಸಲು ಹೇಳಿದೆ. ರಸ್ತೆಯಾಚೆ ಟೀ ಅಂಗಡಿ ಇತ್ತು. ಅಂಗಡಿಯವನು ಲಕ್ಕಮ್ಮನ ಪರಿಚಯದವನು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕರೆದ. ನಮಗೂ ಟೀ ಹೇಳಿ ಬಾರಮ್ಮ ಎಂದು ಅವಳನ್ನು ಕಳಿಸಿ, ಎಡಗಡೆಯ ಕಾರ್ಪೆಟ್ ಎತ್ತಿದೆ. ಅವನ ಹಿಮ್ಮಡಿ ಬೀಳುವ ಜಾಗದಲ್ಲಿ ಕಾರ್ಪೆಟ್ ಬಟ್ಟಲಿನಂತೆ ತಗ್ಗಾಗಿತ್ತು. ಅದರ ಕೆಳಗೇ ಕಂಪ್ಯೂಟರ್ ಪೆಟ್ಟಿಗೆಯ ವೈರುಗಳ ಕಟ್ಟು ಹಾದುಹೋಗಿತ್ತು. ಹಿಡಿದಿಡುವ ಕ್ಲಿಪ್ ಯಾವಾಗಲೋ ಮುರಿದು, ಕಟ್ಟು ಜೋತುಬಿದ್ದಿತ್ತು. ಒಂದೊಂದೇ ವೈರನ್ನು ಬೆರಳಲ್ಲಿ ಬಗ್ಗಿಸಿ ನೋಡುತ್ತಾ ಹೋದೆ. ಸೆನ್ಸರುಗಳಿಗೆಲ್ಲ ಸೇರಿದ ಅರ್ತ್ ವೈರ್ ಒಂದು ಕಡೆ ಮೆತ್ತಗೆ ಮಡಿಚಿಕೊಂಡಿತು. ಮೇಲಿನ ಪ್ಲಾಸ್ಟಿಕ್ ಸರಿಯಾಗೇ ಇತ್ತು. ಒಳಗೆ ತಾಮ್ರದ ಎಳೆಗಳು ತುಂಡಾಗಿ, ಎಲ್ಲೋ ಒಂದೆರಡು ಹಿಡಿದುಕೊಂಡಿದ್ದವು. ಕಾಲು ಒತ್ತಿದಾಗ ಅವೂ ಬಿಡುತ್ತಿದ್ದವು, ಕಾಲು ತೆಗೆದರೆ ಕೂಡುತ್ತಿದ್ದವು.

ಕರಿಯಣ್ಣ ಬಗ್ಗಿ ನನ್ನ ಕಿವಿಯ ಹತ್ತಿರ ಬಂದ. "ಅವಳಿಗೆ ಏಳ್ಬ್ಯಾಡ ಸಿದ್ದಣ್ಣ."

ನಾನು ತಲೆಯೆತ್ತಿದೆ.

"ನಾನು ಕುರಿ ಇಂದೆ ನಡ್ದೋನು. ಇಷ್ಟು ಜೋರು ನನ್ ಜೀವ್ಕೆ ಒಗ್ಗಕಿಲ್ಲ. ಊರ್ಗೆಲ್ಲ ಅವಳ್ನ ಒಗಳ್ಕಂಡು ತಿರುಗ್ತೀನಿ, ನಿಜವಾಗ್ಲೂ ಚೆನ್ನಾಗೇ ಓಡುಸ್ತಾಳೆ. ನಾನೇ ಎದ್ರುತೀನಿ ಅಂತ ಗೊತ್ತಾದ್ರೆ ಅವಳ ಧೈರ್ಯ ಓಗ್ಬುಡ್ತದೆ. ಆಮ್ಯಾಕೆ ಸ್ಟೇರಿಂಗ್ ಮುಟ್ಟಕಿಲ್ಲ."

ಗಂಡಸರು ಹೆಂಡತಿಗೆ ಡ್ರೈವಿಂಗ್ ಬರುವುದಿಲ್ಲ ಎಂದು ನನ್ನ ಶೆಡ್ಡಿನಲ್ಲಿ ಕೂತು ಆಡಿಕೊಂಡದ್ದನ್ನು ಬೇಕಾದಷ್ಟು ಕೇಳಿದ್ದೇನೆ. ಹೆಂಡತಿಯ ಧೈರ್ಯ ಕುಂದಬಾರದೆಂದು ತನ್ನ ಭಯವನ್ನು ಹಿಮ್ಮಡಿಯಲ್ಲಿ ಹುದುಗಿಸಿಟ್ಟುಕೊಂಡವನನ್ನು ಅವತ್ತೇ ನೋಡಿದ್ದು. ಆಯಿತು ಎಂದು ತಲೆಯಾಡಿಸಿದೆ. ಲಕ್ಕಮ್ಮ ಟೀ ತಂದಾಗ, ಒಂದು ವೈರ್ ಒಳಗೊಳಗೇ ಕತ್ತರಿಸಿಹೋಗಿದೆ, ಕರಿಯಣ್ಣನ ತಪ್ಪು ಏನೂ ಇಲ್ಲ, ಕಾರು ಹಳೆಯದಾಗಿದ್ದಕ್ಕೆ ಹೀಗಾಗಿದೆ ಎಂದೆ. ಅವಳು ಗಂಡನ ಕಡೆ ನೋಡಿದಳು. "ಇನ್ನು ಬಸ್ಸು ಗಿಸ್ಸು ಅಂದ್ರೆ ನೋಡಿ ಮತ್ತೆ" ಎಂದು ಟೀ ಲೋಟವನ್ನು ಮೊದಲು ಅವನ ಕೈಗೆ ಕೊಟ್ಟಳು.

ಶೆಡ್ಡಿಗೆ ಬಂದು ವೈರಿನ ಕೆಟ್ಟ ತುಂಡನ್ನು ಕತ್ತರಿಸಿ ತೆಗೆದೆ, ಹೊಸ ತುಂಡು ಸೇರಿಸಿ ಬೆಸುಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಕೊಳವೆ ಏರಿಸಿ, ಇಡೀ ಕಟ್ಟನ್ನು ಕಾಲಿಗೆ ಸಿಗದಂತೆ ಮೇಲಕ್ಕೆ ಎತ್ತಿ ಕಟ್ಟಿದೆ. ಹೊಸಬರು ಇಲ್ಲಿಗೇ ಕೆಲಸ ಮುಗಿಯಿತು ಎನ್ನುತ್ತೀರಿ. ನನಗೂ ಹಾಗೇ ಅನ್ನಿಸಿತ್ತು. ಆದರೆ ಕಾರ್ಪೆಟ್ ಹಾಸುವಾಗ ಆ ತಗ್ಗು ಮತ್ತೆ ಕಣ್ಣಿಗೆ ಬಿತ್ತು. ವೈರ್ ಸರಿಹೋಯಿತು, ಈ ಮನುಷ್ಯ ಪಾವಗಡಕ್ಕೆ ಹೋಗಿಬರುವವರೆಗೂ ಬರೀ ನೆಲವನ್ನು ಒತ್ತುತ್ತಲೇ ಇರಬೇಕಲ್ಲ ಅನ್ನಿಸಿತು. ಗುಜರಿಯಲ್ಲಿ ಇಂಥದ್ದೇ ಒಂದು ಕಾರಿನ ಬ್ರೇಕ್ ಪೆಡಲ್ ಸಿಕ್ಕಿತು. ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಕಲಿಸುವವರ ಕಾಲ ಬಳಿ ಇರುತ್ತದಲ್ಲ, ಹಾಗೆ ಅದನ್ನು ಎಡಗಡೆಯ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದೆ. ಹಿಂದೆ ಒಂದು ಸ್ಪ್ರಿಂಗ್. ಒತ್ತಿದರೆ ಕೆಳಗೆ ಹೋಗಬೇಕು, ಬಿಟ್ಟರೆ ಮೇಲೆ ಬರಬೇಕು. ಚಕ್ರಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಇದೇನಣ್ಣ ಎಂದು ಲಕ್ಕಮ್ಮ ಕೇಳಿದಾಗ, ಕಾಲು ಇಟ್ಟುಕೊಳ್ಳಲು, ವೈರ್ ತುಳಿಯದಿರಲಿ ಎಂದು ಎಂದೆ. ಕರಿಯಣ್ಣ ಕೂತು ಒಂದು ಸಲ ಒತ್ತಿ ನೋಡಿದ. ಮತ್ತೊಂದು ಸಲ ಒತ್ತಿದ. ಸೀಟಿಗೆ ಒರಗಿಕೊಂಡ.

ಆ ದೀಪ ಆಮೇಲೆ ಹತ್ತಲಿಲ್ಲ. ನಾನು ಶೆಡ್ ಮುಚ್ಚುವ ಯೋಚನೆಯನ್ನು ಅವತ್ತಿನ ಮಟ್ಟಿಗೆ ಬಿಟ್ಟೆ, ಇನ್ನೂ ಕೆಲವು ವರ್ಷ ದುಡಿದೆ.

ಮುಂದಿನ ಚಳಿಗಾಲದಲ್ಲಿ, ಕಂಬಳಿ ವ್ಯಾಪಾರ ಜೋರಾಗಿದ್ದಾಗ, ಆಯಿಲ್ ಬದಲಾಯಿಸಲು ಇಬ್ಬರೂ ಬಂದರು. ಕರಿಯಣ್ಣ ಎದುರಿನ ಹೋಟೆಲಿಗೆ ಹೋಗಿ ಯಾರಿಗೋ ಹೆಂಡತಿಯ ಡ್ರೈವಿಂಗ್ ಬಗ್ಗೆ ಹೇಳುತ್ತಾ ನಿಂತಿದ್ದ. ಕೈ ಸ್ಟೀರಿಂಗ್ ತಿರುಗಿಸುವ ಹಾಗೆ ಆಡುತ್ತಿದ್ದುದು ಇಲ್ಲಿಗೇ ಕಾಣುತ್ತಿತ್ತು. ಲಕ್ಕಮ್ಮ ಕಾರಿನ ಪಕ್ಕ ನಿಂತಿದ್ದಳು. ಎಲ್ಲ ಸರಿಯಾಗಿದೆಯಾ, ಏನಾದರೂ ತೊಂದರೆ ಇದೆಯಾ ಎಂದು ಕೇಳಿದೆ.

"ಆ ಎಡಗಡೆ ಬ್ರೇಕು ಶ್ಯಾನೆ ಚೆನ್ನಾಗಿ ಹಿಡೀತದೆ ಕಣಣ್ಣ" ಎಂದಳು.

ನಾನು ತಬ್ಬಿಬ್ಬಾದೆ. ಅದು ಯಾವುದಕ್ಕೂ ಸೇರಿಲ್ಲವಲ್ಲಮ್ಮ ಎಂದೆ.

"ಸೇರೈತೆ ಬುಡು. ಅವ್ರು ಒತ್ತುದ್ರೆ ಕಿರ್ ಅಂತದೆ. ನಾನು ಎಕ್ಸಲೇಟ್ರಿಂದ ಕಾಲು ತೆಗೀತೀನಿ."

ಬಾಗಿಲು ತೆರೆದು ಬಗ್ಗಿ ಪೆಡಲನ್ನು ಕೈಯಿಂದ ಒತ್ತಿ ನೋಡಿದೆ. ನಿಜ, ಸ್ಪ್ರಿಂಗ್ ಒಣಗಿ ಕಿರ್ ಎನ್ನುತ್ತಿತ್ತು. ಅಭ್ಯಾಸ ಬಲ, ಎಣ್ಣೆ ಕ್ಯಾನಿಗೆ ಕೈ ಚಾಚಿದೆ.

ಲಕ್ಕಮ್ಮ ನನ್ನ ಕೈ ಹಿಡಿದಳು. "ಎಲ್ಲಾದ್ಕೂ ಬುಡು ಅಣ್ಣ, ಅದೊಂದ್ಕೆ ಎಣ್ಣೆ ಬುಡ್ಬ್ಯಾಡ. ನಂಗೆ ಕೇಳುಸ್ಬೇಕು."